ಬೋಡಿಕೊಂಡಕ್ಕೆ ಸೀರೆ ಕಟ್ಟಿದ ಟೀಚರ್

ಮಂಚೇನಹಳ್ಳಿಯಲ್ಲಿ ಬಸ್ಸಿಳಿದು ಯಶೋಧರಾ ಟೀಚರ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ತಟ್ಟನೆ ದಾರಿ ಹೇಳುವುದಿಲ್ಲ. ಬಾವಲಿ ಟೀಚರಾ ಎಂದು ಮೊದಲು ಖಾತ್ರಿ ಮಾಡಿಕೊಳ್ಳುತ್ತಾರೆ. ಸೀರೆ ಟೀಚರ್ ಎನ್ನುವವರೂ ಇದ್ದಾರೆ. ಇಪ್ಪತ್ತು ವರ್ಷ ಬರೀ ವಿಜ್ಞಾನದ ಟೀಚರ್ ಆಗಿದ್ದವರಿಗೆ ಈ ಎರಡು ಹೆಸರೂ ಒಂದೇ ಬೇಸಿಗೆಯಲ್ಲಿ ಅಂಟಿಕೊಂಡವು. ಅದು ಹೇಗಾಯಿತು ಎಂಬುದೇ ಈ ಕಥೆ.

ಯಶೋಧರಾ ಹುಟ್ಟಿದ್ದು ಮಂಚೇನಹಳ್ಳಿಗೆ ಹತ್ತಿರದ ಒಂದು ಸಣ್ಣ ಊರಲ್ಲಿ, ಕೊನೆಯ ಬೀದಿಯ ಕೊನೆಯ ಮನೆಯಲ್ಲಿ. ಮನೆಯ ಹಿತ್ತಲಲ್ಲಿ ನಿಂತರೆ ಎದುರಿಗೇ ಬೋಡಿಕೊಂಡ. ತೆಲುಗಿನಲ್ಲಿ ಬೋಡಿ ಎಂದರೆ ಬೋಳು, ಕೊಂಡ ಎಂದರೆ ಗುಡ್ಡ. ಕನ್ನಡ ಅರ್ಧ, ತೆಲುಗು ಅರ್ಧ ಮಾತಾಡುವ ಆ ಊರಿನಲ್ಲಿ ಗುಡ್ಡಕ್ಕೆ ಇನ್ನೊಂದು ಹೆಸರು ಇಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಅವರ ತಂದೆ ಚೆನ್ನರಾಯಪ್ಪ ಹದಿನಾರನೇ ವಯಸ್ಸಿಗೇ ಆ ಗುಡ್ಡದ ಕಲ್ಲುಗಣಿಯಲ್ಲಿ ಉಳಿ ಹಿಡಿದವರು. ಬಂಡೆಯನ್ನು ತಟ್ಟಿ ಸದ್ದು ಕೇಳಿಯೇ ಅದು ಯಾವ ಕಡೆ ಸೀಳುತ್ತದೆ ಎನ್ನುತ್ತಿದ್ದರು. ಮಗಳು ಹುಟ್ಟಿದ ವಾರ ಚಿಕ್ಕಬಳ್ಳಾಪುರದಲ್ಲಿ ನಡೆದ ಒಂದು ಸಭೆಗೆ ಹೋಗಿದ್ದ ಅವರು ವಾಪಸು ಬರುವಾಗ ಬುದ್ಧನ ಒಂದು ಪಟ ಮತ್ತು ಮಗಳಿಗೊಂದು ಹೆಸರು ತಂದಿದ್ದರು. ಅಜ್ಜಿಗೆ ಆ ಹೆಸರು ಬಾಯಿಗೆ ಬರದೆ, ಸಾಯುವ ತನಕ ಎಸೋದಮ್ಮ ಎಂದೇ ಕರೆದಳು.

ಎಸೋದಮ್ಮ ಓದಿದಳು. ಗೌರಿಬಿದನೂರಿನ ಕಾಲೇಜಿಗೆ ಬೆಳಗಿನ ಮೊದಲ ಬಸ್ಸು ಹಿಡಿದು ಬಿಎಸ್ಸಿ ಮುಗಿಸಿದಳು, ಬಿಎಡ್ ಮಾಡಿದಳು. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ಮೊದಲ ಕೆಲಸ ಸಿಕ್ಕಿತು. ಬಸ್ ಡ್ರೈವರ್ ಮೋಹನ್‌ಬಾಬು ಜೊತೆ ಮದುವೆಯಾಯಿತು. ಬಹಳ ವರ್ಷದ ಮೇಲೆ ಮಂಚೇನಹಳ್ಳಿಯ ಹೈಸ್ಕೂಲಿಗೆ ವರ್ಗವಾದಾಗ ಅಪ್ಪ ಅಮ್ಮನ ಮನೆಯ ಪಕ್ಕದಲ್ಲೇ ಗಂಡ ಹೆಂಡತಿ ಮನೆ ಕಟ್ಟಿಕೊಂಡರು. ಹೇಳಿಕೊಳ್ಳುವಂಥ ಕಷ್ಟವಾಗಲಿ ವೈಭವವಾಗಲಿ ಇಲ್ಲದ ಬದುಕು.

ಆದರೆ ಯಶೋಧರಾ ಟೀಚರಿಗೆ ಒಂದು ಗುಣವಿತ್ತು. ಹೊಸದೇನಾದರೂ ಕಣ್ಣಿಗೆ ಬಿದ್ದರೆ ಅವರು ಕೂತಲ್ಲಿ ಕೂರಲಾರರು. ಟಿಫನ್ ಡಬ್ಬಿಯಲ್ಲಿ ಕಪ್ಪೆಯ ಮೊಟ್ಟೆ ತಂದು ತರಗತಿಗೆ ತೋರಿಸಿ, ಮಧ್ಯಾಹ್ನ ಊಟಕ್ಕೆ ಡಬ್ಬಿಯಿಲ್ಲದೆ ಮಕ್ಕಳ ಬಿಸಿಯೂಟವನ್ನೇ ಉಂಡವರು. ಉತ್ಸಾಹ ಏರಿದಂತೆಲ್ಲ ಮಾತು ಜೋರಾಗುತ್ತದೆ, ಕನ್ನಡದ ನಡುವೆ ತೆಲುಗು ನುಗ್ಗುತ್ತದೆ. ಶಾಲೆಯ ಹಿಂದಿನ ತಾಳೆಮರದ ಗರಿಗಳಲ್ಲಿ ಮೋಟು ಮೂಗಿನ ಹಣ್ಣುಬಾವಲಿಗಳ ಒಂದು ಸಂಸಾರ ಇರುವುದನ್ನು ಪತ್ತೆ ಮಾಡಿದ ದಿನ, ಮುಂದಿನ ಎರಡು ಪೀರಿಯಡ್ ಬೇರೆ ಯಾವ ಪಾಠವೂ ನಡೆಯಲಿಲ್ಲ.

ಮೂರು ವರ್ಷದ ಹಿಂದೆ ಚೆನ್ನರಾಯಪ್ಪನವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕಟ್ಟು ಬಿಚ್ಚಿ, ಹನಿ ಹಾಕುವುದೆಲ್ಲ ಮುಗಿದ ಮೇಲೆ ಅವರು ಇಟ್ಟ ಬೇಡಿಕೆ ಒಂದೇ. ತಾವು ದುಡಿದ ಬಂಡೆಯನ್ನು ಒಮ್ಮೆ ಚೊಕ್ಕ ಕಣ್ಣಲ್ಲಿ ನೋಡಬೇಕು. ಗಣಿ ಮುಚ್ಚಿ ಹತ್ತು ವರ್ಷ ದಾಟಿತ್ತು, ಆ ಕಡೆಗೆ ಯಾರೂ ಹೋಗುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮಗಳು ಕೈ ಹಿಡಿದು ಹತ್ತಿಸಿದಳು.

ಗಣಿಯೊಳಗೆ ನೆರಳೇ ಇರಲಿಲ್ಲ. ಆಟದ ಮೈದಾನದಷ್ಟು ಅಗಲದ ಬರೀ ಕಲ್ಲುನೆಲ, ಬದಿಯಲ್ಲಿ ಕಲ್ಲುಪುಡಿಯ ದಿಬ್ಬ, ಮೂಲೆಯ ಗುಂಡಿಯಲ್ಲಿ ಮಳೆಯ ನೀರು. ಚೆನ್ನರಾಯಪ್ಪ ತಾವು ಸೀಳಿದ ಗೋಡೆಯ ಮೇಲೆ ಕೈಯಾಡಿಸಿ, ಉಳಿಯ ಗುರುತುಗಳನ್ನು ಮಗಳಿಗೆ ತೋರಿಸುತ್ತಿದ್ದರು. ಅಷ್ಟರಲ್ಲಿ ಅವರ ಹೊಸ ಕಣ್ಣಿಗೆ ನೀರಿನ ಪಕ್ಕದ ಹಸಿರು ಬಿತ್ತು. ಆಳೆತ್ತರದ ಒಂದು ಅತ್ತಿಮರ, ಕಲ್ಲುಪುಡಿಯಲ್ಲೇ ಬೇರು ಬಿಟ್ಟು ನಿಂತಿತ್ತು.

ಇದನ್ನು ಇಲ್ಲಿ ನೆಟ್ಟವರು ಯಾರು ಎಂದು ಅಪ್ಪ ಕೇಳಿದರು. ಯಾರೂ ನೆಟ್ಟಿರಲಾರರು, ಯಾವುದೋ ಪ್ರಾಣಿಯೋ ಹಕ್ಕಿಯೋ ಬೀಜ ತಂದಿರಬೇಕು ಎಂದಳು ಮಗಳು. ಹಾಗಾದರೆ ಅದು ಪಿಕಳಾರವೇ ಎಂದು ಅಪ್ಪ ತೀರ್ಪು ಕೊಟ್ಟರು. ಬಂಡೆ ಒಡೆಯುವಾಗ ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಪಿಕಳಾರಗಳು ಪೊದೆಯಿಂದ ಪೊದೆಗೆ ಹಾರುತ್ತಾ ಹಣ್ಣು ನುಂಗುವುದನ್ನು ಅವರು ಸಾವಿರ ಸಲ ನೋಡಿದ್ದರು. ಮಗಳ ಮನಸ್ಸಿನಲ್ಲಿ ಮಾತ್ರ ಶಾಲೆಯ ತಾಳೆಮರ ಇತ್ತು. ಅವಳು ಬಾವಲಿ ಎಂದಳು.

ಅಪ್ಪನ ಮುಖ ಸಿಂಡರಿಸಿತು. "ಬಾವಲಿ ಏನಮ್ಮ ಬಿತ್ತುತ್ತೆ? ತಲೆಕೆಳಗಾಗಿ ನೇತಾಡೋ ಹೊಲಸು ಅದು. ಹಣ್ಣು ಜಗಿದು ಸಿಪ್ಪೆ ಉಗುಳುತ್ತೆ, ಅಷ್ಟೇ."

"ಉಗುಳೋದೊಂದೇ ಅಲ್ಲಪ್ಪ. ಸಣ್ಣ ಬೀಜ ರಸದ ಜೊತೆ ಹೊಟ್ಟೆಗೋಗುತ್ತೆ. ಹಾರ್ತಾ ಹಾರ್ತಾನೇ ಹಿಕ್ಕೆ ಹಾಕುತ್ತೆ."

"ಹಕ್ಕಿ ಹಾಕಲ್ವಾ?"

ಟೀಚರು ಅತ್ತಿಮರಕ್ಕೆ ಒಂದು ಸುತ್ತು ಹಾಕಿದರು. ಹಕ್ಕಿಯೂ ಹಾಕುತ್ತದೆ. ಎರಡೂ ಹಣ್ಣು ತಿನ್ನುತ್ತವೆ, ಎರಡೂ ಬೀಜ ಒಯ್ಯುತ್ತವೆ. ಪುಸ್ತಕದಲ್ಲಿ ಎರಡೂ ಒಂದೇ ಸಾಲಿನಲ್ಲಿ ಇವೆ. ಆದರೆ ಈ ಬೋಳುಗುಡ್ಡಕ್ಕೆ, ಈ ಕಲ್ಲುನೆಲಕ್ಕೆ ಬೀಜ ತರುವುದು ಯಾವುದು? ಅದು ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಇಳಿಯುವಾಗ ಅಪ್ಪನ ಕೈ ಹಿಡಿಯುವುದನ್ನೂ ಮರೆತು ಅವರು ದಡದಡನೆ ಮುಂದೆ ನಡೆದರಂತೆ. ಮನೆ ಸೇರುವಷ್ಟರಲ್ಲಿ ಇಡೀ ಉಪಾಯ ತಲೆಯಲ್ಲಿ ಸಿದ್ಧವಾಗಿತ್ತು.

ಉಪಾಯ ಸರಳವಾಗಿತ್ತು. ಗಣಿಯ ನೆಲದಲ್ಲಿ ಅಲ್ಲಲ್ಲಿ ನಾಲ್ಕು ನಾಲ್ಕು ಗೂಟ ನಿಲ್ಲಿಸಿ, ನಡುವೆ ಬಟ್ಟೆಯನ್ನು ಜೋಲಿಯ ಹಾಗೆ ಕಟ್ಟುವುದು. ಪಿಕಳಾರ ಹಗಲಿನ ಜೀವಿ, ಬಾವಲಿ ರಾತ್ರಿಯದು. ಬೆಳಕು ಹರಿಯುವಾಗ ಬಟ್ಟೆಯಲ್ಲಿ ಸಿಕ್ಕಿದ್ದು ಬಾವಲಿಯ ಲೆಕ್ಕ, ಸಂಜೆ ಸೂರ್ಯ ಇಳಿಯುವಾಗ ಸಿಕ್ಕಿದ್ದು ಹಕ್ಕಿಯ ಲೆಕ್ಕ. ಬೇರೆ ಬೇರೆಯಾಗಿ ಬಿತ್ತಿ, ಯಾವುದು ಹುಟ್ಟುತ್ತದೆ ಎಂದು ನೋಡಿದರಾಯಿತು.

ಬಟ್ಟೆಗೆಂದು ತಾಯಿ ಮುನಿಶಾಮಮ್ಮನ ಟ್ರಂಕಿಗೆ ಕೈ ಹಾಕಿದರು. ಹಿಕ್ಕೆ ಕಾಣಬೇಕಾದರೆ ತಿಳಿಬಣ್ಣದ ಬಟ್ಟೆಯೇ ಬೇಕು. ಹಳೆಯ ನೂಲಿನ ಸೀರೆಗಳು ಸಿಕ್ಕವು, ಸಾಲದ್ದಕ್ಕೆ ಅಪ್ಪನ ಬಿಳಿ ಪಂಚೆಗಳೂ ಹೋದವು. ತಳದಲ್ಲಿದ್ದ ಹಸಿರು ಸೀರೆಯನ್ನು ಮಾತ್ರ ಮುಟ್ಟಕೂಡದು ಎಂದು ಮುನಿಶಾಮಮ್ಮ ತಾಕೀತು ಮಾಡಿದರು. ಬಾವಲಿಯಿಂದ ಜ್ವರ ಹರಡಿದ ಕೇರಳದ ಸುದ್ದಿಯನ್ನು ಟಿವಿಯಲ್ಲಿ ನೋಡಿದ್ದ ಚೆನ್ನರಾಯಪ್ಪನವರದು ಇನ್ನೊಂದು ತಾಕೀತು: ಕೈಗವಸು, ಮುಖಕ್ಕೆ ಮಾಸ್ಕ್ ಇಲ್ಲದೆ ಏನನ್ನೂ ಮುಟ್ಟಬಾರದು. ಆ ಮಾತನ್ನು ಟೀಚರು ಕೊನೆಯ ತನಕ ಪಾಲಿಸಿದರು. ಮಕ್ಕಳನ್ನು ಗಣಿಯ ಹತ್ತಿರ ಸುಳಿಯಲೂ ಬಿಡಲಿಲ್ಲ.

ಗುಡ್ಡದ ಮೇಲೆ ಸಾಲಾಗಿ ಸೀರೆ ಕಂಡ ಊರು ಸುಮ್ಮನಿರುತ್ತದೆಯೇ? ಸಿನಿಮಾ ಶೂಟಿಂಗ್ ಎಂದರು ಕೆಲವರು. ಸ್ಕಂದಗಿರಿಯ ಹಾಗೆ ಇಲ್ಲೂ ಟ್ರೆಕ್ಕಿಂಗ್ ಮಾಡಿಸುತ್ತಾರೆ, ಅದಕ್ಕೆ ಟೆಂಟು ಎಂದರು ಇನ್ನು ಕೆಲವರು. ಗುಡ್ಡದ ಬುಡದಲ್ಲೇ ಹಿಪ್ಪುನೇರಳೆ ತೋಟವಿದ್ದ ವರಲಕ್ಷ್ಮಮ್ಮ, ಊಹೆ ಮಾಡುವುದರಲ್ಲಿ ನಂಬಿಕೆಯಿಲ್ಲದ ಹೆಂಗಸು, ನೇರವಾಗಿ ಮನೆಗೇ ಬಂದು ಕೇಳಿದರು. ಟೀಚರು ಅರ್ಧ ಗಂಟೆ ವಿವರಿಸಿದರು. ವಿವರಿಸುತ್ತಲೇ, ಬೀಜ ಬಿತ್ತಲು ಅಗಲವಾದ ತಟ್ಟೆ ಸಿಕ್ಕಿಲ್ಲ, ನಿಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುವ ಹಳೆಯ ಬಿದಿರು ತಟ್ಟೆ ಇದೆಯೇ ಎಂದೂ ಕೇಳಿಬಿಟ್ಟರು.

"ಹುಳ ಸಾಕಿದ ತಟ್ಟೇಲಿ ಬಾವಲಿ ಹಿಕ್ಕೆ ಬಿತ್ತೋದಾ ಟೀಚರಮ್ಮ?" ಎಂದರು ವರಲಕ್ಷ್ಮಮ್ಮ. "ಆಗ್ಲಿ, ಅಟ್ಟದ ಮೇಲವೆ, ತಗೊಂಡೋಗಿ. ಏನ್ ಹುಟ್ಟುತ್ತೋ ನಂಗೂ ನೋಡ್ಬೇಕು."

ಮೊದಲ ಬೆಳಿಗ್ಗೆ ಟೀಚರು ಒಬ್ಬರೇ ಹತ್ತಿದರು. ಆಗ ತಾನೇ ಬೆಳ್ಳಿ ಮೂಡುತ್ತಿತ್ತು. ಮೊದಲ ಜೋಲಿಯಲ್ಲಿ ಏನೂ ಇರಲಿಲ್ಲ, ಎರಡನೆಯದರಲ್ಲಿ ಒಂದು ಒಣಎಲೆ. ಮೂರನೆಯದರ ನಡುವೆ, ಮುನಿಶಾಮಮ್ಮನ ಮಾಸಲು ಬಿಳಿ ಸೀರೆಯ ಮೇಲೆ, ಕಂದುಬಣ್ಣದ ಹಿಕ್ಕೆ ಉದ್ದಕ್ಕೆ ಸಿಡಿದಿತ್ತು. ಮಂಡಿಯೂರಿ ಭೂತಗನ್ನಡಿ ಹಿಡಿದರು. ಗಸಗಸೆಯಂಥ ಬೀಜಗಳು, ಎಣಿಸಲಾಗದಷ್ಟು. ಅತ್ತಿಯ ಬೀಜ. ಮೂರು ಕಿಲೋಮೀಟರ್ ದೂರದ ಕೆರೆಯಂಚಿನ ಅತ್ತಿಮರ ಬಿಟ್ಟರೆ ಸುತ್ತಲೆಲ್ಲೂ ಆಗ ಅತ್ತಿ ಹಣ್ಣಾಗಿರಲಿಲ್ಲ. ಅವರು ಗುಡ್ಡದಿಂದ ಓಡಿಯೇ ಇಳಿದರು. ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಅಪ್ಪನ ಮುಂದೆ ಬಟ್ಟೆ ಹರಡಿದಾಗ ಉಸಿರು ಸಿಗುತ್ತಿರಲಿಲ್ಲ, ಕನ್ನಡ ಪೂರ್ತಿ ಹೋಗಿ ಬರೀ ತೆಲುಗು ಉಳಿದಿತ್ತು.

ಅಪ್ಪ ಒಪ್ಪಲಿಲ್ಲ. ಹಗಲಿನದು ಬರಲಿ ಎಂದರು. ಅಂದು ಸಂಜೆ ಅವರೇ ಮಗಳ ಜೊತೆ ಹತ್ತಿ ಒಂದೊಂದೇ ಜೋಲಿಯನ್ನು ಬಗ್ಗಿ ನೋಡಿದರು. ಖಾಲಿ. ಮಾರನೆಯ ದಿನವೂ ಖಾಲಿ. ವಾರ ಕಳೆದರೂ ಬೆಳಗಿನ ಬಟ್ಟೆಗಳಲ್ಲಿ ಬೀಜವೋ ಬೀಜ, ಸಂಜೆಯ ಬಟ್ಟೆಗಳಲ್ಲಿ ಬರೀ ದೂಳು.

ಇಷ್ಟರಲ್ಲಿ ಶಾಲೆ ಇಬ್ಭಾಗವಾಗಿತ್ತು. ಒಂಬತ್ತನೇ ತರಗತಿಯಲ್ಲಿ ಬಾವಲಿ ಪಕ್ಷ, ಪಿಕಳಾರ ಪಕ್ಷ ಎಂದು ಎರಡು ಪಕ್ಷಗಳು. ಕಪ್ಪುಹಲಗೆಯ ಒಂದು ಕಡೆ ಕೊಕ್ಕು, ಇನ್ನೊಂದು ಕಡೆ ಹಲ್ಲು ಬರೆದು ಟೀಚರು ಎರಡನ್ನೂ ಎದುರುಬದುರು ನಿಲ್ಲಿಸಿದರು. ಹಕ್ಕಿ ಬಣ್ಣ ನೋಡಿ ಹಣ್ಣಿಗೆ ಬರುತ್ತದೆ, ಬಾವಲಿ ವಾಸನೆ ಹಿಡಿದು ಬರುತ್ತದೆ. ಹಕ್ಕಿ ಹಣ್ಣನ್ನು ಗುಳುಂ ಎಂದು ನುಂಗುತ್ತದೆ, ಬಾವಲಿ ಬೇರೆ ಮರಕ್ಕೆ ಒಯ್ದು ಜೋತುಬಿದ್ದು ಜಗಿಯುತ್ತದೆ. ಹಕ್ಕಿ ಮೊಟ್ಟೆ ಇಡುತ್ತದೆ, ಬಾವಲಿ ಮರಿ ಹಾಕಿ ಹಾಲೂಡಿಸುತ್ತದೆ, ಎದೆಗೆ ಅವಚಿದ ಮರಿಯನ್ನು ಹೊತ್ತೇ ಹಾರುತ್ತದೆ. ಇದೆಲ್ಲ ಮಕ್ಕಳಿಗೆ ಕ್ರಿಕೆಟ್ ಸ್ಕೋರಿನಷ್ಟೇ ರುಚಿಸಿತು. ಬೆಳಿಗ್ಗೆ ಟೀಚರು ಗೇಟು ದಾಟುವ ಮೊದಲೇ ಇವತ್ತು ಯಾರು ಮುಂದೆ ಎಂಬ ಕೂಗು.

ಇಡೀ ಊರಿನಲ್ಲಿ ಸಪ್ಪೆ ಮುಖ ಹೊತ್ತವರು ಚೆನ್ನರಾಯಪ್ಪ ಒಬ್ಬರೇ. ಅವರ ಪಕ್ಷ ಒಂದು ರನ್ನನ್ನೂ ಹೊಡೆದಿರಲಿಲ್ಲ. ಒಂದು ಸಂಜೆ ಖಾಲಿ ಜೋಲಿಯ ಮುಂದೆ ನಿಂತು ಅವರು ಸುತ್ತ ಕಣ್ಣಾಡಿಸಿದರು.

"ಅಲ್ಲಮ್ಮ," ಎಂದರು, "ಹಕ್ಕಿ ಬಂದ್ರೆ ಕೂತ್ಕೊಳ್ಳೋದೆಲ್ಲಿ? ಒಂದು ಕಡ್ಡಿನಾದ್ರೂ ಬೇಡ್ವಾ?"

ಯಶೋಧರಾ ಅಪ್ಪನನ್ನೇ ನೋಡಿದರು. ಬಾವಲಿ ರೆಕ್ಕೆಯ ಮೇಲಿರುವಾಗಲೇ ಹಿಕ್ಕೆ ಹಾಕುತ್ತದೆ ಎಂದು ತಾವೇ ಹೇಳಿದ್ದರು. ಹಾಗಾದರೆ ಹಕ್ಕಿಯದು? ಹಕ್ಕಿ ಬಹುಮಟ್ಟಿಗೆ ಕೂತ ಕಡೆಯೇ ಹಾಕುತ್ತದೆ. ಬೋಳುನೆಲದ ಮೇಲೆ ಕೂರಲು ಏನಿದೆ ಎಂದು ಅದು ಬರಬೇಕು? ಸಂತೋಷಕ್ಕೆ ಅವರು ಅಪ್ಪನ ಎರಡೂ ಕೈ ಹಿಡಿದು ಕುಲುಕಿಬಿಟ್ಟರು. ಮಗಳು ಯಾಕೆ ಇಷ್ಟು ಕುಣಿಯುತ್ತಿದ್ದಾಳೆ ಎಂದು ಅವರಿಗೆ ತಕ್ಷಣ ತಿಳಿಯಲಿಲ್ಲ, ತಾವು ಏನೋ ಗೆದ್ದಿದ್ದೇವೆ ಎಂಬುದು ಮಾತ್ರ ತಿಳಿಯಿತು.

ಮರುದಿನವೇ ಚೆನ್ನರಾಯಪ್ಪ ತಮ್ಮ ತಂಡ ಕಟ್ಟಿದರು. ತಂಡವೆಂದರೆ ರಜೆಯಲ್ಲಿದ್ದ ಅಳಿಯ ಮೋಹನ್‌ಬಾಬು ಮತ್ತು ಅವರು. ಹೊಂಗೆಯ, ಜಾಲಿಯ ಒಣಕೊಂಬೆಗಳನ್ನು ಆರಿಸಿ ತಂದರು. ಸಿಮೆಂಟಿಲ್ಲ, ಮಣ್ಣಿಲ್ಲ. ಕಲ್ಲಿಗೆ ಕಲ್ಲು ಕಚ್ಚಿಸಿ, ಸಂದಿಗೆ ಚೂರು ಬಡಿದು, ಗಾಳಿಗೆ ಅಲುಗದಂತೆ ಕೊಂಬೆಗಳನ್ನು ನಿಲ್ಲಿಸಿದರು. ಎಷ್ಟೋ ವರ್ಷದ ಮೇಲೆ ಆ ಗಣಿಯಲ್ಲಿ ಮತ್ತೆ ಸುತ್ತಿಗೆಯ ಸದ್ದು ಎದ್ದಿತು. ಪ್ರತಿ ಕೊಂಬೆಯ ಕೆಳಗೂ ಒಂದೊಂದು ಜೋಲಿ ಕಟ್ಟಿದರು.

ಮೊದಲು ಬಂದದ್ದು ಕಾಜಾಣ. ಅದು ಹುಳ ತಿನ್ನುವ ಹಕ್ಕಿ, ಲೆಕ್ಕಕ್ಕಿಲ್ಲ. ಆಮೇಲೆ ಎರಡು ಪಿಕಳಾರ ಬಂದವು, ಕೂತವು, ಬಾಲ ಕುಣಿಸಿದವು, ಹೋದವು. ಆ ಸಂಜೆಯ ಬಟ್ಟೆಯಲ್ಲಿ ಲಾಂಟಾನದ ಬೀಜ ಇತ್ತು, ಕಾರೆ ಇತ್ತು. ಮುಂದಿನ ದಿನಗಳಲ್ಲಿ ಬೇವು ಬಂತು, ಶ್ರೀಗಂಧ ಬಂತು. ಚೆನ್ನರಾಯಪ್ಪ ಕೈಗವಸು ಹಾಕಿಕೊಂಡು ಗಂಧದ ಬೀಜವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮನೆಗೆ ಬಂದವರಿಗೆಲ್ಲ ಅದರದೇ ವರದಿ. ಇಷ್ಟು ಖರ್ಚು ಮಾಡಿ ಕಣ್ಣು ಮಾಡಿಸಿದ್ದು ಹಕ್ಕಿ ಹಿಕ್ಕೆ ನೋಡುವುದಕ್ಕಾ ಎಂದು ಮುನಿಶಾಮಮ್ಮ ಅಣಕಿಸಿದರೂ ಅವರು ವರದಿ ನಿಲ್ಲಿಸಲಿಲ್ಲ.

ಬಿದಿರು ತಟ್ಟೆಗಳು ಹಿತ್ತಲಲ್ಲಿ ಮೊಳೆತವು. ಬಾವಲಿ ತಟ್ಟೆಯ ಮೇಲೆ ಹಸಿರು ಮಖಮಲ್ಲು ಹಾಸಿದ ಹಾಗೆ ಒತ್ತಾಗಿ ಸಸಿ ಬಂದವು, ಹೆಚ್ಚುಕಡಿಮೆ ಎಲ್ಲವೂ ಅತ್ತಿ, ನಡುನಡುವೆ ಆಲ. ಹಕ್ಕಿಯ ತಟ್ಟೆಯಲ್ಲಿ ಸಸಿ ವಿರಳ, ಆದರೆ ಒಂದರ ಎಲೆಯಂತೆ ಇನ್ನೊಂದರದಿಲ್ಲ. ನೋಡಲು ಬಂದ ವರಲಕ್ಷ್ಮಮ್ಮ ಎರಡು ತಟ್ಟೆಗಳ ನಡುವೆ ಕುಕ್ಕರುಗಾಲಲ್ಲಿ ಕೂತು, ಹಾಗಾದರೆ ಗೆದ್ದವರು ಯಾರು ಎಂದು ಕೇಳಿದರು. ಟೀಚರು ತಮಗೆ ತಿಳಿದಷ್ಟು ಹೇಳಿದರು. ಏನೂ ಇಲ್ಲದ ಬಯಲಿಗೆ ಬೀಜ ಸುರಿಯುವುದು ಬಾವಲಿ, ಅದಕ್ಕೆ ಕೊಂಬೆಯ ಹಂಗಿಲ್ಲ. ಕೂರಲು ಒಂದು ಆಸರೆ ಸಿಕ್ಕ ಮೇಲೆ ಬಗೆಬಗೆಯ ಗಿಡ ತರುವುದು ಹಕ್ಕಿ. ಬಾವಲಿ ಬಿತ್ತಿದ ಮರವಿಲ್ಲದೆ ಹಕ್ಕಿಗೆ ಇಲ್ಲಿ ಕೂರಲು ಜಾಗವಿಲ್ಲ, ಹಕ್ಕಿಯಿಲ್ಲದಿದ್ದರೆ ಇಲ್ಲಿ ಬರೀ ಅತ್ತಿಯೇ. ಇದು ಒಂದು ಗುಡ್ಡದಲ್ಲಿ ಒಂದು ಬೇಸಿಗೆ ಕಂಡದ್ದು, ಎಲ್ಲ ಕಡೆಗೂ ಹೀಗೇ ಎನ್ನಲಾಗದು ಎಂದೂ ಸೇರಿಸಿದರು. ವರಲಕ್ಷ್ಮಮ್ಮ ಆ ಕೊನೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿಗೆಲ್ಲ ಮೊದಲ ಮಾತನ್ನೇ ಹಂಚಿದರು.

ಅದಾಗಿ ವಾರಕ್ಕೆ ಗಾಳಿಮಳೆ ಬಂತು. ಮೇ ತಿಂಗಳ ಒಂದು ಮಧ್ಯಾಹ್ನ ಆಕಾಶ ಕಪ್ಪಾಗಿ ಆಲಿಕಲ್ಲು ಬಿತ್ತು. ಟೀಚರು ಶಾಲೆಯ ಪರೀಕ್ಷಾ ಕೆಲಸದಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜೋಲಿಗಳೆಲ್ಲ ಹಾರಿಹೋಗಿದ್ದವು, ಎರಡು ಸೀರೆ ವರಲಕ್ಷ್ಮಮ್ಮನ ತೋಟದ ಹಿಪ್ಪುನೇರಳೆಗೆ ಸುತ್ತಿಕೊಂಡಿದ್ದವು. ಹಿತ್ತಲಿನ ತಟ್ಟೆಗಳು ಮಗುಚಿ, ಹಗಲಿನ ಸಸಿ ರಾತ್ರಿಯ ಸಸಿ ಒಂದೇ ಕೆಸರಿನಲ್ಲಿ ಬೆರೆತಿದ್ದವು. ಒದ್ದೆ ನೆಲದ ಮೇಲೆ ಕೂತು ಅವರು ಸಸಿಗಳನ್ನು ಬೇರೆ ಮಾಡಲು ನೋಡಿದರು, ಆಗಲಿಲ್ಲ. ಕೈಗವಸೆಲ್ಲ ಕೆಸರು, ಕಣ್ಣಲ್ಲಿ ನೀರು. ಹಿಂದೆ ಹೆಜ್ಜೆಯ ಸದ್ದಾಯಿತು. ಮುನಿಶಾಮಮ್ಮ ಮಗಳ ತೊಡೆಯ ಮೇಲೆ ಏನೋ ಇಟ್ಟರು. ಮುಟ್ಟಬೇಡ ಎಂದಿದ್ದ ಹಸಿರು ಸೀರೆ.

"ಇದ್ನೂ ಕಟ್ಕೋ. ಮುಂದಿನ ವರ್ಷಕ್ಕೂ ಬಾವಲಿ ಇರುತ್ತೆ, ಹಕ್ಕಿನೂ ಇರುತ್ತೆ."

ಹಸಿರಿನ ಮೇಲೆ ಹಿಕ್ಕೆ ಕಾಣುವುದಿಲ್ಲಮ್ಮ ಎಂದು ಹೇಳಹೊರಟ ಟೀಚರಿಗೆ ನಗು ಬಂದುಬಿಟ್ಟಿತು. ಅಮ್ಮನಿಗೂ ಬಂತು. ಆ ವರ್ಷದ ಮಳೆಗಾಲದಲ್ಲಿ ಬೆರೆತ ಸಸಿಗಳನ್ನೇ ಗುಡ್ಡದ ಬುಡದಲ್ಲಿ ಮಕ್ಕಳ ಕೈಯಿಂದ ನೆಡಿಸಿದರು. ಜನವರಿಯಲ್ಲಿ ಮತ್ತೆ ಗೂಟ, ಮತ್ತೆ ಕೊಂಬೆ, ಮತ್ತೆ ಜೋಲಿ. ಈ ಸಲ ಪಂಚೆ ಸೀರೆಗಳನ್ನು ಊರಿನವರೇ ತಂದುಕೊಟ್ಟರು.

ಎರಡನೆಯ ವರ್ಷವೂ ಲೆಕ್ಕ ಹಾಗೆಯೇ ಬರುತ್ತಿತ್ತು. ಫೆಬ್ರವರಿಯ ಒಂದು ಭಾನುವಾರ ಅಪ್ಪ ಮಗಳು ಬೆಳಗಿನ ಬಟ್ಟೆ ಬಿಚ್ಚಿ ಕೂತಿದ್ದರು. ನೀರಿನ ಪಕ್ಕದ ಆ ಅತ್ತಿಮರ ಮೊದಲ ಸಲ ಕಾಯಿ ಬಿಟ್ಟಿತ್ತು. ಕಾಂಡಕ್ಕೇ ಅಂಟಿಕೊಂಡ ಗೊಂಚಲು, ಕೆಲವು ಕೆಂಪಾಗಿದ್ದವು. ಬಂಡೆಯ ಸಂದಿಯಿಂದ ಒಂದು ಹಕ್ಕಿ ಬಂದು ಕಾಂಡದ ಪಕ್ಕದ ಕೊಂಬೆಯ ಮೇಲೆ ಕೂತಿತು. ಪಿಕಳಾರದ್ದೇ ಗಾತ್ರ, ಪಿಕಳಾರದ್ದೇ ಬಾಲ. ಆದರೆ ತಲೆಯ ಮೇಲೆ ಜುಟ್ಟಿಲ್ಲ. ಅದು ಹಣ್ಣಿಗೆ ಕೊಕ್ಕು ಚಾಚಿದಾಗ ಬೆಳಗಿನ ಬಿಸಿಲು ಅದರ ಕೊರಳಿಗೆ ಬಿತ್ತು. ಅರಿಶಿನ ಬಳಿದಂತಹ ಹಳದಿ.

ಟೀಚರ ಕೈ ಫೋನಿಗೆ ಹೋಯಿತು. ಅವಸರದಲ್ಲಿ ತೆಗೆದ ಫೋಟೋದಲ್ಲಿ ಬಂಡೆ ಚೆನ್ನಾಗಿ ಬಂದಿತ್ತು, ಹಕ್ಕಿಯ ಜಾಗದಲ್ಲಿ ಹಳದಿ ಮಸುಕು. ಅದನ್ನೇ ಪವಿತ್ರಳಿಗೆ ಕಳಿಸಿದರು. ಪವಿತ್ರ ಕೆಂಚಾರ್ಲಹಳ್ಳಿಯಲ್ಲಿ ಅವರ ವಿದ್ಯಾರ್ಥಿನಿಯಾಗಿದ್ದವಳು, ಈಗ ಚಿಕ್ಕಬಳ್ಳಾಪುರದಲ್ಲಿದ್ದುಕೊಂಡು ಹಕ್ಕಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಳೆ. ಹತ್ತೇ ನಿಮಿಷಕ್ಕೆ ಅವಳ ಕರೆ ಬಂತು. ಟೀಚರು ಹೇಳುತ್ತಿರುವುದು ಹಳದಿ ಕೊರಳಿನ ಪಿಕಳಾರವಾದರೆ ಅದು ಅಪರೂಪದ ಹಕ್ಕಿ, ದಕ್ಷಿಣದ ಬಂಡೆಗುಡ್ಡಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ತಾನು ಸ್ಕಂದಗಿರಿಯಲ್ಲಿ, ನಂದಿಯಲ್ಲಿ ನೋಡಿದ್ದೇನೆ. ಆದರೆ ಒಡೆದು ಬಿಸಾಕಿದ ಗಣಿಯಲ್ಲಿ ಅದು ಇರುವುದು ಅನುಮಾನ, ಬಿಳಿ ಹುಬ್ಬಿನ ಪಿಕಳಾರ ಇರಬಹುದು, ಹುಬ್ಬು ನೋಡಿದಿರಾ ಎಂದು ಕೇಳಿದಳು. ಟೀಚರಿಗೆ ಹುಬ್ಬು ನೆನಪಿರಲಿಲ್ಲ. ಕೊರಳು ಬಿಟ್ಟು ಬೇರೇನೂ ನೆನಪಿರಲಿಲ್ಲ.

ಮರುದಿನ ಸೂರ್ಯ ಹುಟ್ಟುವ ಮೊದಲೇ ಪವಿತ್ರಳ ಬೈಕು ಮನೆಯ ಮುಂದಿತ್ತು. ಹೆಗಲಿಗೆ ಉದ್ದ ಲೆನ್ಸಿನ ಕ್ಯಾಮೆರಾ. ಟೀಚರು ಶಾಲೆಗೆ ಒಂದು ಗಂಟೆ ತಡವಾಗಿ ಬರಲು ಅನುಮತಿ ಕೇಳಿಕೊಂಡಿದ್ದರು. ಅಪ್ಪನೂ ಸೇರಿ ಮೂವರು ಬಂಡೆಯ ಮರೆಯಲ್ಲಿ ಕೂತರು. ಮಾಮೂಲಿ ಪಿಕಳಾರಗಳು ಬಂದು ಹೋದವು. ಕುಟ್ರು ಹಕ್ಕಿಯೊಂದು ಬಂದು ಹಣ್ಣು ಕಿತ್ತುಕೊಂಡು ಹೋಯಿತು. ಬಿಸಿಲು ಏರಿತು. ಪವಿತ್ರ ಗಡಿಯಾರ ನೋಡಿಕೊಂಡಳು. ನಿನ್ನೆ ತಾವು ನೋಡಿದ್ದು ಬರೀ ಬಿಸಿಲಿನ ಆಟವೇನೋ ಎಂದು ಟೀಚರಿಗೇ ಅನುಮಾನ ಶುರುವಾಯಿತು.

ಆಗ ಬಂಡೆಯ ಸಂದಿಯಲ್ಲಿ ಚಿಲಿಪಿಲಿ ಗುಳುಗುಳು ಎಂಬ ಅವಸರದ ಸದ್ದು ಎದ್ದಿತು. ಪವಿತ್ರ ಮೈಯೆಲ್ಲ ಬಿಗಿಹಿಡಿದಳು. ಹಕ್ಕಿ ಬಂತು, ಹಿಂದೆಯೇ ಇನ್ನೊಂದು. ಎರಡೂ ಅತ್ತಿಯ ಮೇಲೆ ಕೂತವು. ಬೂದು ಎದೆ, ಎಲೆಹಸಿರು ಬೆನ್ನು, ಹುಬ್ಬಿಲ್ಲ, ಉರಿಯುವ ಹಳದಿ ಕೊರಳು. ಕ್ಯಾಮೆರಾ ಕಟಕಟನೆ ಹೊಡೆದುಕೊಂಡಿತು. ಆಮೇಲೆ ಪವಿತ್ರಳ ಎಡಗೈ ಟೀಚರ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಬಳೆಯ ಗುರುತು ಸಂಜೆಯವರೆಗೂ ಉಳಿಯಿತು.

"ಅದೇ ಮೇಡಂ," ಎಂದಳು ಪಿಸುದನಿಯಲ್ಲಿ. "ಜೋಡಿ ಇದೆ ಮೇಡಂ. ಅದೇ."

ಹಕ್ಕಿಗಳು ತಿಂದು, ಕೊಕ್ಕನ್ನು ಕೊಂಬೆಗೆ ಒರೆಸಿ, ಬಂಡೆಗಳ ನಡುವೆ ಮರೆಯಾದವು. ಮೊದಲು ಎದ್ದು ನಿಂತವರು ಚೆನ್ನರಾಯಪ್ಪ. ಅತ್ತಿಮರದ ಬುಡಕ್ಕೆ ಹೋಗಿ, ಈ ಮರ ಹುಟ್ಟಿದಾಗ ಇಲ್ಲಿ ಕೂರುವ ಕೊಂಬೆ ಇರಲಿಲ್ಲ, ಹಾಗಾದರೆ ಇದನ್ನು ಬಿತ್ತಿದ್ದು ಯಾರಮ್ಮ ಎಂದು ಪವಿತ್ರಳನ್ನು ಕೇಳಿದರು. ಅವಳು ಟೀಚರ ಕಡೆ ನೋಡಿದಳು. ಈ ಒಂದು ಮರದ ಬಗ್ಗೆ ಪ್ರಮಾಣ ಮಾಡಿ ಹೇಳಲಾಗದು, ಆದರೆ ಎರಡು ವರ್ಷದ ಲೆಕ್ಕ ನೋಡಿದರೆ ಬಾವಲಿಯೇ ಇರಬೇಕು ಎಂದರು ಟೀಚರು. ಮುದುಕರು ಗಲ್ಲ ಕೆರೆದುಕೊಂಡರು.

"ಹಂಗಾದ್ರೆ ಆ ಗಬ್ಬಿಲಂ ಮನೆ ಕಟ್ಟಿ, ಈ ಹಕ್ಕೀನ ಒಕ್ಕಲಿಗೆ ಕರ್ಸ್ಕೊಂಡಂಗಾಯ್ತು," ಎಂದರು. ಬಾವಲಿಯನ್ನು ಅವರು ಹೊಲಸು ಎನ್ನದೆ ಮನೆಮಾತಿನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಗಬ್ಬಿಲಂ ಎಂಬುದು ಅವರ ತಾಯಿ ಬಳಸುತ್ತಿದ್ದ ತೆಲುಗು ಮಾತು.

ಅಂದು ಶಾಲೆಯಲ್ಲಿ ಪಾಠವಾಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಪವಿತ್ರ ಕ್ಯಾಮೆರಾದ ಚಿತ್ರವನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿದಾಗ ಪಿಕಳಾರ ಪಕ್ಷ ಬೆಂಚು ಬಡಿಯಿತು. ಮರ ಬಾವಲಿಯದು ಎಂದು ತಿಳಿದಾಗ ಇನ್ನೊಂದು ಪಕ್ಷ ಅದಕ್ಕಿಂತ ಜೋರಾಗಿ ಬಡಿಯಿತು. ಮುಖ್ಯೋಪಾಧ್ಯಾಯರು ಗದರಲೆಂದು ಬಂದವರು ಬಾಗಿಲಲ್ಲೇ ನಿಂತು ಚಿತ್ರ ನೋಡಿದರು.

ಆಮೇಲೆ ಟೀಚರೂ ಪವಿತ್ರಳೂ ಸೇರಿ ಬೋಡಿಕೊಂಡದ ಎರಡು ವರ್ಷದ ಕೆಲಸವನ್ನು ಬರೆದು, ಶಿಡ್ಲಘಟ್ಟದಲ್ಲಿ ನಡೆದ ವಿಜ್ಞಾನ ಶಿಕ್ಷಕರ ಕಾರ್ಯಾಗಾರದಲ್ಲಿ ಹೇಳಿದರು. ಹತ್ತು ನಿಮಿಷ ಎಂದು ಕೊಟ್ಟಿದ್ದ ಸಮಯ ಮುಗಿದರೂ ಯಾರೂ ಏಳಲಿಲ್ಲ. ಶಾಲೆಯ ತಾಳೆಮರದ ಒಣಗರಿಗಳನ್ನು ಈಗ ಯಾರೂ ಸವರುವುದಿಲ್ಲ, ಬಾವಲಿ ಸಂಸಾರ ಅಲ್ಲೇ ದೊಡ್ಡದಾಗಿದೆ. ಗಣಿಯ ನೆಲದಲ್ಲಿ ಅತ್ತಿಯ ಮರಿಗಳು ಅಲ್ಲಲ್ಲಿ ತಲೆಯೆತ್ತಿವೆ, ಒಣಕೊಂಬೆಗಳ ಬುಡದಲ್ಲಿ ಬೇವು, ಕಾರೆ, ಒಂದೆರಡು ಗಂಧದ ಸಸಿ. ಅರ್ಧಕ್ಕರ್ಧ ಬೇಸಿಗೆಯಲ್ಲಿ ಒಣಗುತ್ತವೆ, ಉಳಿದವು ಉಳಿಯುತ್ತವೆ.

ಈ ಜೂನಿನಲ್ಲಿ ಗೌರಿಬಿದನೂರಿನ ಕಡೆಯ ಒಂದು ಊರಿನಿಂದ ಟೀಚರಿಗೆ ಕರೆ ಬಂತು. ಅಲ್ಲೂ ಒಂದು ಮುಚ್ಚಿದ ಗಣಿ ಇದೆ, ಒಮ್ಮೆ ಬಂದು ನೋಡಿ ಎಂದರು. ಭಾನುವಾರ ಗೂಡ್ಸ್ ಆಟೋ ತುಂಬ ಕೊಂಬೆ, ಗೂಟ, ಬಟ್ಟೆ ಹೇರಿಕೊಂಡು ಹೊರಟರು. ಚೆನ್ನರಾಯಪ್ಪ ಡ್ರೈವರ್ ಪಕ್ಕ ಕೂತರು, ಟೀಚರು ಹಿಂದೆ ಕೊಂಬೆಗಳನ್ನು ಹಿಡಿದು ಕೂತರು. ಇಳಿದ ಕೂಡಲೇ ಊರಿನವರು ಉತ್ಸಾಹದಿಂದ ಕೊಂಬೆಗಳನ್ನು ಹೊತ್ತು ಹೊರಟೇಬಿಟ್ಟರು. ಚೆನ್ನರಾಯಪ್ಪ ಕೋಲು ಅಡ್ಡ ಹಿಡಿದು ನಿಲ್ಲಿಸಿದರು.

"ಇರಿ ಇರಿ, ಕಡ್ಡಿ ಆಮೇಲೆ ನೆಡಣ. ಮೊದ್ಲು ಬಯಲಲ್ಲಿ ಬಟ್ಟೆ ಕಟ್ಟಿ. ಇಲ್ಲಿಗೆ ಬಾವಲಿ ಬರುತ್ತೋ ಇಲ್ವೋ ನೋಡಣ."

ಟೀಚರು ಆಗಲೇ ಗಣಿಯ ನಡುವೆ ನಿಂತು ಮೊದಲ ಗೂಟ ಎಲ್ಲಿಗೆ ಎಂದು ಕೂಗಿ ಕೇಳುತ್ತಿದ್ದರು, ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ.